ಶುಕ್ರವಾರದ ಕೊನೇ ಪೀರಿಯಡ್: ನಮ್ಮ ಜರ್ಮನ್ ಕ್ಲಬ್ಬಿನ ಒಂದು ವರ್ಷ

ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ನಾನು ಜರ್ಮನ್ ಕಲಿಸುತ್ತೇನೆ. ನಮ್ಮ ಮಕ್ಕಳಿಗೆ ಜರ್ಮನ್ ಅಥವಾ ಫ್ರೆಂಚ್ ತೆಗೆದುಕೊಳ್ಳುವ ಅವಕಾಶ ಇದೆ. ತೆಗೆದುಕೊಂಡವರು ಚೆನ್ನಾಗಿ ಬರೆಯುತ್ತಾರೆ, ಮಾರ್ಕ್ಸೂ ತೆಗೆಯುತ್ತಾರೆ. ಆದರೆ ಬಾಯಿ ಬಿಡುವುದಿಲ್ಲ. ಎರಡು ವರ್ಷ ಕಲಿತ ಹುಡುಗಿಗೆ "ನಿನ್ನೆ ಸಂಜೆ ಏನು ಮಾಡಿದೆ?" ಅಂತ ಜರ್ಮನ್‌ನಲ್ಲಿ ಕೇಳಿದರೆ ಅವಳ ಕೈ ನೋಟ್‌ಬುಕ್ಕಿನ ಕಡೆ ಹೋಗುತ್ತದೆ. ಅದನ್ನು ನೋಡಿ ನೋಡಿ ಬೇಜಾರಾಗಿ, ಕಳೆದ ಜೂನ್‌ನಲ್ಲಿ ಕ್ಲಬ್ ಶುರು ಮಾಡಿದೆ. ಶುಕ್ರವಾರದ ಕೊನೇ ಪೀರಿಯಡ್ ಕೊಟ್ಟರು. ಎಂಟು ಮತ್ತು ಒಂಬತ್ತನೇ ತರಗತಿಯ ಹದಿನಾಲ್ಕು ಮಕ್ಕಳು ಹೆಸರು ಕೊಟ್ಟರು.

ಮೊದಲ ದಿನವೇ ಒಂದು ನಿಯಮ ಮಾಡಿದೆ. ಕ್ಲಬ್ಬಿನೊಳಗೆ ಜರ್ಮನ್ ಬಿಟ್ಟು ಬೇರೆ ಭಾಷೆ ಆಡುವಂತಿಲ್ಲ. ಒಳ್ಳೆಯ ನಿಯಮ ಅಂದುಕೊಂಡಿದ್ದೆ. ಮೂರು ವಾರ ಕೊಠಡಿಯಲ್ಲಿ ನಾನೊಬ್ಬಳೇ ಮಾತಾಡಿದೆ. ಮಕ್ಕಳು ತಲೆ ಆಡಿಸಿದರು, ಅಷ್ಟೇ.

ಜೂನ್ ಕೊನೆಯಲ್ಲಿ ಒಂದು ಶುಕ್ರವಾರ ಜೋರು ಮಳೆ. ಕಿಟಕಿ ಪಕ್ಕ ಕೂತಿದ್ದ ಹುಡುಗ ಸ್ವೆಟರ್ ತಂದಿರಲಿಲ್ಲ. ಜರ್ಮನ್‌ನಲ್ಲಿ ಹೇಳಲು ಹೋಗಿ "ಇಶ್ ಬಿನ್ ಕಾಲ್ಟ್" ಅಂದ. ಇಂಗ್ಲಿಷಿನ 'ಐ ಆಮ್ ಕೋಲ್ಡ್' ಅನ್ನೋದನ್ನು ಹಾಗೇ ಎತ್ತಿ ಇಟ್ಟಿದ್ದ. ಜರ್ಮನ್ ಆಡುವವರಿಗೆ ಅದು ಬೇರೆ ಥರ ಕೇಳಿಸುತ್ತದೆ, ನಾನು ಭಾವನೆಯೇ ಇಲ್ಲದ ಮನುಷ್ಯ ಅನ್ನೋ ಹಾಗೆ. ನಾನು ನಿಯಮ ಮರೆತು ಕೇಳಿದೆ, "ಮನೇಲಿ ಅಮ್ಮನಿಗೆ ಹೇಗೆ ಹೇಳ್ತೀಯ?" ಅವನು "ನನಗೆ ಚಳಿ" ಅಂದ. ಬೋರ್ಡಿನ ಮೇಲೆ 'ನನಗೆ ಚಳಿ' ಅಂತ ಬರೆದು, ಕೆಳಗೆ 'ಮಿಯರ್ ಇಸ್ಟ್ ಕಾಲ್ಟ್' ಅಂತ ಬರೆದೆ. 'ಮಿಯರ್' ಅಂದರೆ ನನಗೆ. ಒಂದು ನಿಮಿಷ ಸುಮ್ಮನಿದ್ದು ಅವನೇ ಹೇಳಿದ, "ಮ್ಯಾಮ್, ಇದು ಕನ್ನಡ ಇದ್ದ ಹಾಗೇ ಇದೆ."

ಆಮೇಲೆ ಎಲ್ಲರೂ ಶುರು ಮಾಡಿದರು. ಮನೆಯಲ್ಲಿ ತಮಿಳು ಆಡುವ ಹುಡುಗಿ 'ಎನಕ್ಕು' ಅಂದಳು. ತೆಲುಗಿನವಳು 'ನಾಕು' ಅಂದಳು. ನನಗೆ ಇಷ್ಟ, ನನಗೆ ಬೇಸರ, ನನಗೆ ಸೆಕೆ, ಹೀಗೆ ಒಂದೊಂದಕ್ಕೂ ಜರ್ಮನ್ ಹುಡುಕಿದರು. ಎಲ್ಲಾ ಕಡೆ ಜೋಡಿ ಸಿಗಲಿಲ್ಲ. "ನನಗೆ ಹಸಿವು" ಅನ್ನುವ ಕಡೆ ಜರ್ಮನ್‌ನವರು "ನನ್ನ ಹತ್ರ ಹಸಿವಿದೆ" ಅನ್ನುವ ಹಾಗೆ ಹೇಳುತ್ತಾರೆ. ಅದೂ ಒಳ್ಳೆಯದೇ ಆಯಿತು. ಎಲ್ಲಿ ಸೇರುತ್ತದೆ, ಎಲ್ಲಿ ಸೇರಲ್ಲ ಅಂತ ಹುಡುಕುವ ಹುಚ್ಚು ಅವತ್ತು ಹತ್ತಿತು. ಮರುವಾರ ನನ್ನ ನಿಯಮವನ್ನು ಕಿತ್ತು ಹಾಕಿದೆ. ಯಾವ ಭಾಷೆಯಲ್ಲಾದರೂ ಕೇಳಬಹುದು, ಉತ್ತರ ಮಾತ್ರ ಜರ್ಮನ್‌ನಲ್ಲಿ ಕಟ್ಟಲು ನೋಡಬೇಕು. ಆ ವರ್ಷ ನಾನು ಮಾಡಿದ ಅತ್ಯಂತ ಸರಿಯಾದ ಕೆಲಸ ಅದು.

ಜುಲೈ 1 ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನ. 1843ರ ಅದೇ ದಿನ 'ಮಂಗಳೂರ ಸಮಾಚಾರ' ಹೊರಬಂತು, ಕನ್ನಡದ ಮೊದಲ ಪತ್ರಿಕೆ. ಅದನ್ನು ತಂದವರು ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯ ಪಾದ್ರಿ ಹರ್ಮನ್ ಮೊಗ್ಲಿಂಗ್, ಜರ್ಮನಿಯ ವುರ್ಟೆಂಬರ್ಗ್ ಕಡೆಯವರು. ಮಕ್ಕಳಿಗೆ ಇದು ಗೊತ್ತೇ ಇರಲಿಲ್ಲ. ಆಗ ಪತ್ರಿಕೆ ಕಲ್ಲಚ್ಚಿನಲ್ಲಿ ಬರುತ್ತಿತ್ತು. ಕೈಯಲ್ಲಿ ಬರೆದದ್ದನ್ನು ಕಲ್ಲಿನ ಮೇಲೆ ಇಳಿಸಿ ಅಚ್ಚು ತೆಗೆಯುವ ಕ್ರಮ ಅದು. ನಾವೂ ಒಂದು ಗೋಡೆ ಪತ್ರಿಕೆ ತರೋಣ, ಅದೂ ಕೈಬರಹದಲ್ಲೇ ಇರಲಿ ಅಂತ ತೀರ್ಮಾನಿಸಿದೆವು. ಒಂದೇ ಹಾಳೆ, ಎಡಕ್ಕೆ ಜರ್ಮನ್, ಬಲಕ್ಕೆ ಕನ್ನಡ. ಶಾಲೆಯ ಸುದ್ದಿ ಮಾತ್ರ. 'ನೀರಿನ ಫಿಲ್ಟರ್ ಕೆಟ್ಟಿದೆ' ಅನ್ನೋದೇ ಮೊದಲ ಸಂಚಿಕೆಯ ದೊಡ್ಡ ಸುದ್ದಿ. ತಿಂಗಳಿಗೊಂದು ಅಂತ ಎಂಟು ಸಂಚಿಕೆ ತಂದೆವು.

ಆಟಗಳಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ತಂಬೋಲ. ಜರ್ಮನ್‌ನಲ್ಲಿ ಅಂಕೆ ತಿರುಗುಮುರುಗು. ನಾವು ನಲವತ್ತು ಹೇಳಿ ಆಮೇಲೆ ಎರಡು ಹೇಳುತ್ತೇವೆ, ನಲವತ್ತೆರಡು. ಅವರು ಎರಡು ಮೊದಲು ಹೇಳಿ, 'ಮತ್ತು' ಸೇರಿಸಿ, ಆಮೇಲೆ ನಲವತ್ತು ಅನ್ನುತ್ತಾರೆ. ತ್ಸ್ವೈ-ಉಂಡ್-ಫಿಯರ್‌ತ್ಸಿಶ್. ಮಕ್ಕಳು 42ನ್ನು 24 ಅಂತ ಬರೆಯುವುದು ಅದಕ್ಕೇ. ಪುಸ್ತಕದಲ್ಲಿ ಎಷ್ಟು ಅಭ್ಯಾಸ ಮಾಡಿಸಿದರೂ ಹೋಗದ ತಪ್ಪು, ನಾಲ್ಕು ಶುಕ್ರವಾರ ತಂಬೋಲ ಆಡಿದ ಮೇಲೆ ಮುಕ್ಕಾಲು ಪಾಲು ಹೋಯಿತು. ನಂಬರ್ ಕೂಗುವವರು ಎರಡೇ ಸಲ ಹೇಳಬೇಕು. ತಪ್ಪು ನಂಬರ್ ಹೊಡೆದು ಫುಲ್ ಹೌಸ್ ಅಂದರೆ ಔಟ್. ಗೆದ್ದವರಿಗೆ ಕಡಲೆಬೀಜದ ಚಿಕ್ಕಿ. ಹಿಂದಿಯ ಹುಡುಗನೊಬ್ಬ "ಬಯಾಲೀಸ್‌ನಲ್ಲೂ ಎರಡೇ ಮೊದಲು ಬರುತ್ತೆ" ಅಂತ ಕಂಡುಹಿಡಿದ. ಅವನಿಗೆ ಆಟವಿಲ್ಲದೇ ಒಂದು ಚಿಕ್ಕಿ ಕೊಟ್ಟೆ.

ಆಗಸ್ಟ್‌ನಲ್ಲಿ ನಾನು ಒಂದು ತಪ್ಪು ಮಾಡಿದೆ. ಜರ್ಮನಿಯ ಒಂದು ಶಾಲೆಯ ಮಕ್ಕಳಿಗೆ ಪತ್ರ ಬರೆಸಿದೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಶಾಲೆ. ಅಲ್ಲಿ ಬೇಸಿಗೆ ರಜೆ ಜುಲೈ ಕೊನೆಗೆ ಶುರುವಾಗಿ ಸೆಪ್ಟೆಂಬರ್ ನಡುವಿನವರೆಗೆ ಇರುತ್ತದೆ. ಜರ್ಮನಿಯಲ್ಲಿ ಒಂದೊಂದು ರಾಜ್ಯಕ್ಕೂ ರಜೆಯ ದಿನ ಬೇರೆ ಬೇರೆ. ನಾನು ಅದನ್ನು ನೋಡಿಕೊಳ್ಳದೆ ಪೋಸ್ಟ್ ಮಾಡಿದೆ. ಪತ್ರಗಳು ಮುಚ್ಚಿದ ಶಾಲೆಯಲ್ಲಿ ಬಿದ್ದುಕೊಂಡವು. ಅವರ ಶಾಲೆ ತೆರೆದು ಸ್ವಲ್ಪ ದಿನಕ್ಕೆ ನಮಗೆ ದಸರಾ ರಜೆ. ನಮ್ಮದು ಮುಗಿಯುವಷ್ಟರಲ್ಲಿ ಅವರಿಗೆ ಶರತ್ಕಾಲದ ರಜೆ. ಮಕ್ಕಳು ಪ್ರತಿ ಶುಕ್ರವಾರ "ಬಂತಾ ಮ್ಯಾಮ್?" ಅಂತ ಕೇಳುವಾಗ ಸಂಕಟವಾಗುತ್ತಿತ್ತು. ಇನ್ನೊಂದು ತಪ್ಪೂ ಇತ್ತು. ಹದಿನಾಲ್ಕು ಪತ್ರವೂ ಒಂದೇ ಥರ ಇದ್ದವು. ನನ್ನ ಹೆಸರು ಇದು, ನನ್ನ ಹವ್ಯಾಸ ಕ್ರಿಕೆಟ್. ಓದಿದವರಿಗೆ ಉತ್ತರ ಬರೆಯಲು ಏನೂ ಸಿಗುವಂತಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದೆ. ಮೊದಲು ಎಂ.ಜಿ. ರಸ್ತೆಯಲ್ಲಿ, ಕನ್ನಡಕ್ಕೆ ನಿಘಂಟು ಮಾಡಿಕೊಟ್ಟ ಜರ್ಮನ್ ಪಾದ್ರಿ ಕಿಟೆಲ್ ಅವರ ಪ್ರತಿಮೆ. ಅಲ್ಲಿಂದ ನೇರಳೆ ಮಾರ್ಗದ ಮೆಟ್ರೋ ಹಿಡಿದು ಇಂದಿರಾನಗರ. ಟ್ರಿನಿಟಿ, ಹಲಸೂರು, ಇಂದಿರಾನಗರ ಅಂತ ಸ್ಟೇಷನ್ ಎಣಿಸಿ, 'ಮುಂದಿನ ನಿಲ್ದಾಣ' ಅಂತ ಜರ್ಮನ್‌ನಲ್ಲಿ ಹೇಳುವ ಕೆಲಸ ಒಬ್ಬಳಿಗೆ ಕೊಟ್ಟಿದ್ದೆ. ಅಲ್ಲಿ ಸಿ.ಎಂ.ಎಚ್. ರಸ್ತೆಯಲ್ಲಿ ಜರ್ಮನ್ ಭಾಷೆ, ಸಂಸ್ಕೃತಿಯ ಕೇಂದ್ರವಾದ ಮ್ಯಾಕ್ಸ್ ಮುಲ್ಲರ್ ಭವನದ ಲೈಬ್ರರಿಯಲ್ಲಿ ಒಬ್ಬೊಬ್ಬರೂ ಒಂದು ಪ್ರಶ್ನೆಯನ್ನು ಜರ್ಮನ್‌ನಲ್ಲೇ ಕೇಳಬೇಕು ಅಂತ ಮಾತಾಗಿತ್ತು. ಹನ್ನೊಂದು ಮಕ್ಕಳು ಕೇಳಿದರು. ಉಳಿದ ಮೂವರನ್ನು ನಾನು ಒತ್ತಾಯ ಮಾಡಲಿಲ್ಲ.

ವಾಪಸ್ ಬಂದ ಮೇಲೆ ಶಾಲೆಯ ಲೈಬ್ರರಿಯಿಂದ ಕಿಟೆಲ್ ನಿಘಂಟು ತಂದು ಮೇಜಿನ ಮೇಲೆ ಇಟ್ಟೆ. ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯಲ್ಲಿ. ಭಾರತಕ್ಕೆ ಬಂದದ್ದು 1853ರಲ್ಲಿ. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಮಕ್ಕಳು ಅದನ್ನು ಎತ್ತಿ ತೂಕ ನೋಡಿದರು, ತಮ್ಮ ಅಜ್ಜಿಯರು ಆಡುವ ಪದ ಹುಡುಕಿದರು. ಆಮೇಲೆ ಒಬ್ಬಳು, "ಅವರು ಜರ್ಮನ್ ಅಲ್ವಾ ಮ್ಯಾಮ್, ಕನ್ನಡ-ಜರ್ಮನ್ ಯಾಕೆ ಮಾಡಲಿಲ್ಲ?" ಅಂದಳು. "ಆಗ ಇಲ್ಲಿ ಆಡಳಿತದ ಭಾಷೆ ಇಂಗ್ಲಿಷ್" ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ. "ಹಾಗಾದ್ರೆ ನಾವು ಮಾಡೋಣ" ಅಂದಳು.

ಹೀಗೆ ನಮ್ಮ ನಿಘಂಟು ಶುರುವಾಯಿತು. ಸುಲಭದ ಪದಕ್ಕೆ ಜಾಗ ಇಲ್ಲ. ಆ ಕಡೆಯಿಂದ ಈ ಕಡೆಗೆ ಒಂದೇ ಪದದಲ್ಲಿ ದಾಟದ ಪದಗಳು ಮಾತ್ರ. ಕನ್ನಡದಿಂದ ಎಂಜಲು, ಮಡಿ, ಒಗ್ಗರಣೆ ಬಂದವು. ಜರ್ಮನ್‌ನಿಂದ 'ಫೈಯರ್‌ಆಬೆಂಡ್' ಬಂತು. ದಿನದ ಕೆಲಸ ಮುಗಿದ ಮೇಲಿನ ಹೊತ್ತು ಅದು, ಇನ್ನು ನನ್ನ ಸಮಯ ಅನ್ನೋ ಭಾವ. 'ಡೊಖ್' ಬಂತು. "ನೀನು ಬರಲ್ವಾ?" ಅಂತ ಇಲ್ಲದ ಅರ್ಥದಲ್ಲಿ ಕೇಳಿದಾಗ "ಇಲ್ಲ ಇಲ್ಲ, ಬರ್ತೀನಿ" ಅನ್ನೋದನ್ನು ಅವರು ಅದೊಂದೇ ಪದದಲ್ಲಿ ಹೇಳಿಬಿಡುತ್ತಾರೆ. 'ಡೊಖ್' ಕಲಿತ ವಾರ ಇಡೀ ತರಗತಿ ಅದನ್ನೇ ಆಡಿತು. ವರ್ಷದ ಕೊನೆಗೆ ನಮ್ಮ ನೋಟ್‌ಬುಕ್ಕಿನಲ್ಲಿ 112 ಪದ ಸೇರಿದ್ದವು.

ನವೆಂಬರ್ 11ಕ್ಕೆ ಜರ್ಮನಿಯಲ್ಲಿ ಸಂತ ಮಾರ್ಟಿನ್ ಹಬ್ಬ. ಮಕ್ಕಳು ಕಾಗದದ ಲಾಟೀನು ಹಿಡಿದು ಕತ್ತಲಾದ ಮೇಲೆ ಹಾಡುತ್ತಾ ಬೀದಿಯಲ್ಲಿ ನಡೆಯುತ್ತಾರೆ. ನಾವು ಲಾಟೀನು ಮಾಡಲು ಕೂತಾಗ ನಾನು ತಂದ ನಕ್ಷೆ ಯಾರಿಗೂ ಬೇಕಾಗಲಿಲ್ಲ. ದೀಪಾವಳಿಗೆ ಆಕಾಶಬುಟ್ಟಿ ಕಟ್ಟಿ ಅವರ ಕೈ ಪಳಗಿತ್ತು. ಮಂಗಳೂರಿನ ಕಡೆಯ ಹುಡುಗ ಬಿದಿರಿನ ಕಡ್ಡಿಯಲ್ಲಿ ಗೂಡುದೀಪವನ್ನೇ ಮಾಡಿಬಿಟ್ಟ. ಒಳಗೆ ಮೇಣದ ಬತ್ತಿ ಬೇಡ ಅಂತ ಚಿಕ್ಕ ಬ್ಯಾಟರಿ ಬಲ್ಬ್ ಇಟ್ಟೆವು. ಸಂಜೆ ಆರೂವರೆಗೆ ಆಟದ ಮೈದಾನದ ಸುತ್ತ ಎರಡು ಸುತ್ತು. ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರೂ ಹಿಂದೆ ಸೇರಿಕೊಂಡರು.

ಡಿಸೆಂಬರ್‌ಗೆ ಇಪ್ಪತ್ನಾಲ್ಕು ಬೆಂಕಿಪೊಟ್ಟಣ ಅಂಟಿಸಿ, ಕ್ರಿಸ್‌ಮಸ್‌ಗೆ ದಿನ ಎಣಿಸುವ ಆಡ್ವೆಂಟ್ ಕ್ಯಾಲೆಂಡರ್ ಮಾಡಿದೆವು. ಜರ್ಮನಿಯ ಮನೆಗಳಲ್ಲಿ ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೊಂದು ಬಾಗಿಲು ತೆಗೆಯುತ್ತಾರೆ, ಒಳಗೆ ಚಾಕೊಲೇಟ್ ಇರುತ್ತದೆ. ನಮ್ಮ ಪೊಟ್ಟಣದೊಳಗೆ ಒಂದು ಚೀಟಿ. 'ಆಯಾ ಅಮ್ಮನಿಗೆ ಈ ವಾಕ್ಯ ಕಲಿಸು', 'ಬಸ್ಸಿನಲ್ಲಿ ಕಂಡ ಐದು ಬಣ್ಣ ಹೇಳು' ಅನ್ನುವಂಥ ಕೆಲಸಗಳು.

ಜನವರಿ ಫ್ರೆಂಚ್ ಕ್ಲಬ್ಬಿನದು. ಫ್ರಾನ್ಸ್‌ನಲ್ಲಿ ಜನವರಿ 6ರ ಹೊತ್ತಿಗೆ ದುಂಡನೆಯ ಪೇಸ್ಟ್ರಿಯೊಳಗೆ ಒಂದು ಸಣ್ಣ ಬೊಂಬೆ ಬಚ್ಚಿಡುತ್ತಾರೆ. ಯಾರ ತುಂಡಿನಲ್ಲಿ ಸಿಗುತ್ತೋ ಅವರು ಆ ದಿನದ ರಾಜ ಅಥವಾ ರಾಣಿ. ನಮ್ಮ ಫ್ರೆಂಚ್ ಮೇಡಂ ಬೇಕರಿಯಿಂದ ದಿಲ್‌ಪಸಂದ್ ತರಿಸಿ, ಒಂದರೊಳಗೆ ಬಾದಾಮಿ ತುರುಕಿದರು. ದುಂಡಗೆ, ಪದರ ಪದರವಾಗಿ, ತ್ರಿಕೋನದ ತುಂಡಾಗಿ ಕತ್ತರಿಸುವ ದಿಲ್‌ಪಸಂದ್‌ಗಿಂತ ಒಳ್ಳೆಯ ಬದಲಿ ಬೆಂಗಳೂರಲ್ಲಿ ಇನ್ನೇನು ಸಿಗುತ್ತೆ?

ಫೆಬ್ರವರಿಯಲ್ಲಿ ಎರಡೂ ಕ್ಲಬ್ ಸೇರಿ ಭಾಷಾ ಸಂತೆ ಮಾಡಿದೆವು. ನಮ್ಮವರದು ಆಟೋ ಸ್ಟ್ಯಾಂಡ್ ನಾಟಕ, ಏಳು ನಿಮಿಷ. ಒಬ್ಬಳು ಪ್ಯಾಸೆಂಜರ್, ಮಲ್ಲೇಶ್ವರಕ್ಕೆ ಹೋಗಬೇಕು, ಮೀಟರ್ ಹಾಕಿ ಅಂತ ವಾದ. ನಾಟಕ ಬರೆಯಲು ಎರಡು ದಿನ ಸಾಕಾಯಿತು. ಆದರೆ ಡ್ರೈವರನ್ನು ಏನಂತ ಕರೆಯಬೇಕು ಅನ್ನೋ ಚರ್ಚೆಗೆ ಎರಡು ಶುಕ್ರವಾರ ಹೋಯಿತು.

ಜರ್ಮನ್‌ನಲ್ಲಿ 'ಡೂ' ಅಂದರೆ ನೀನು, 'ಜ಼ೀ' ಅಂದರೆ ನೀವು. ಇಂಗ್ಲಿಷ್ ಮೂಲಕ ಕಲಿಸಿದರೆ ಇದನ್ನು ತುಂಬಾ ವಿವರಿಸಬೇಕು. ಕನ್ನಡದ ಮಕ್ಕಳಿಗೆ ಒಂದೇ ಮಾತು ಸಾಕು. ಆದರೆ ಅಲ್ಲೇ ಗುಂಡಿಯೂ ಇದೆ. ಒಬ್ಬಳು, "ನಾನು ಅಮ್ಮನಿಗೆ ನೀನು ಅಂತೀನಿ, ಅಪ್ಪನಿಗೆ ನೀವು ಅಂತೀನಿ" ಅಂದಳು. ಜರ್ಮನ್ ಮನೆಯಲ್ಲಿ ಇಬ್ಬರಿಗೂ ಡೂ, ಅಜ್ಜ ಅಜ್ಜಿಗೂ ಡೂ. ಅವರ 'ಜ಼ೀ' ವಯಸ್ಸಿಗಿಂತ ಜಾಸ್ತಿ ದೂರ ಹೇಳುತ್ತದೆ. ಪರಿಚಯ ಇಲ್ಲದ ದೊಡ್ಡವರಿಗೆಲ್ಲ ಜ಼ೀ. ಆಟೋ ಡ್ರೈವರಿಗೂ ಜ಼ೀ, ಮೀಟರ್ ಬಗ್ಗೆ ಜಗಳ ಆಡುವಾಗಲೂ ಜ಼ೀ.

"ಹಾಗಾದ್ರೆ ಅಣ್ಣ ಅನ್ನೋದಕ್ಕೆ ಏನ್ ಮಾಡೋದು?" ಅಂತ ಡ್ರೈವರ್ ಪಾತ್ರದ ಹುಡುಗ ಕೇಳಿದ. ಅಣ್ಣ ಪದಕ್ಕೆ ಜರ್ಮನ್ ಇದೆ, ಆದರೆ ಆಟೋದವರನ್ನು ಹಾಗೆ ಕರೆದರೆ ಅಲ್ಲಿ ಯಾರಿಗೂ ಅರ್ಥ ಆಗಲ್ಲ. ತೆಗೆದುಬಿಡಿ ಅಂದೆ. ಮಕ್ಕಳು ಒಪ್ಪಲಿಲ್ಲ. "ಅಣ್ಣ ಇಲ್ದೆ ಇದು ಬೆಂಗಳೂರ್ ಆಟೋ ಹೇಗಾಗುತ್ತೆ ಮ್ಯಾಮ್?" ಕೊನೆಗೆ 'ಅಣ್ಣ' ಅನ್ನೋದನ್ನು ಹಾಗೇ ಉಳಿಸಿ, ಉಳಿದ ವಾಕ್ಯವನ್ನೆಲ್ಲ 'ಜ಼ೀ' ಹಾಕಿ ಜರ್ಮನ್‌ನಲ್ಲಿ ಕಟ್ಟಿದರು. ಸಭೆಯಲ್ಲಿ ಆ ಮಾತು ಬಂದಾಗ ಜರ್ಮನ್ ಬಾರದ ಪೋಷಕರೂ ಚಪ್ಪಾಳೆ ಹೊಡೆದರು. ಅಣ್ಣ ಪದವನ್ನು ನಿಘಂಟಿಗೂ ಸೇರಿಸಿದೆವು.

ಆರು ಮಕ್ಕಳು 'ಫಿಟ್ ಇನ್ ಡಾಯ್ಚ್ 1' ಪರೀಕ್ಷೆ ಬರೆದರು. ಅದು ಎ1, ಅಂದರೆ ಭಾಷೆ ಕಲಿಕೆಯ ಮೊದಲ ಹಂತದ್ದು, ಓದು, ಕೇಳು, ಬರೆ, ಮಾತಾಡು ಅಂತ ನಾಲ್ಕು ಭಾಗ. ಮಾತಿನ ಭಾಗದಲ್ಲಿ ಕಾರ್ಡ್ ನೋಡಿಕೊಂಡು ಒಬ್ಬರಿಗೊಬ್ಬರು ಪ್ರಶ್ನೆ ಕೇಳಬೇಕು. ಅದನ್ನು ಅವರು ವರ್ಷವಿಡೀ ಮಾಡಿದ್ದರು. ನಾನು ಬೇರೆ ತಯಾರಿ ಮಾಡಿಸಲಿಲ್ಲ.

ಪತ್ರಗಳ ಉತ್ತರ ಬಂದದ್ದು ಡಿಸೆಂಬರ್ ಮೂರನೇ ವಾರದಲ್ಲಿ, ಹನ್ನೊಂದು ಪತ್ರ. ಅದರಲ್ಲೊಂದು ಪ್ರಶ್ನೆ ಎಲ್ಲರಿಗೂ ಇಷ್ಟವಾಯಿತು. ನಾವು ಪತ್ರದ ಜೊತೆ ಊಟದ ಬೆಲ್ಲಿನ ಹೊತ್ತಿನ ಚಿತ್ರ ಬರೆದು ಕಳಿಸಿದ್ದೆವು. ಅದನ್ನು ನೋಡಿ ಅಲ್ಲಿಯ ಹುಡುಗಿ ಕೇಳಿದ್ದಳು, ನೀವು ನೀರಿನ ಬಾಟಲಿಯನ್ನು ತುಟಿಗೆ ತಾಗಿಸದೆ ಮೇಲಿಂದ ಯಾಕೆ ಸುರಿದುಕೊಳ್ಳುತ್ತೀರಿ?

ಮುಂದಿನ ವರ್ಷ ಮೊದಲ ಪತ್ರ ಜೂನ್‌ನಲ್ಲೇ ಹೋಗಬೇಕು, ಅದನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಈ ಸಲದ ಎರಡನೇ ಕಟ್ಟು ಮಾರ್ಚ್ ಮೊದಲ ವಾರ ಪೋಸ್ಟ್ ಆಯಿತು. ಲೈಬ್ರರಿಯಲ್ಲಿ ಬಾಯಿ ಬಿಡದಿದ್ದ ಮೂವರು ಸೇರಿ ಆ ಪ್ರಶ್ನೆಗೆ ಉತ್ತರ ಬರೆದರು. 'ಎಂಜಲು' ಅಂತ ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆದು, ಕೆಳಗೆ ಒಂಬತ್ತು ವಾಕ್ಯದ ಜರ್ಮನ್ ವಿವರಣೆ. ಕವರ್ ಅಂಟಿಸುವ ಮೊದಲು ಆ ಒಂಬತ್ತೂ ವಾಕ್ಯವನ್ನು ಜೋರಾಗಿ ಓದಿ ತೋರಿಸಿದರು.