ಅಕ್ಕನ ರೂಮಲ್ಲಿ ಒಂದು ಕ್ಯಾಮೆರಾ: ನನ್ನ ಅನುಭವ

ನಮ್ಮಕ್ಕ ಹಾಸನದಲ್ಲಿ ಕೌನ್ಸೆಲರ್, ನಾನು ಕೋಡ್ ಬರೆಯೋನು. ಒಂದಿನ ಊಟ ಮಾಡ್ತಾ "ಬರೋರೆಲ್ಲ ಚೆನ್ನಾಗಿದೀನಿ ಮೇಡಂ ಅಂತ ನಗ್ತಾರೆ ಕಣೋ, ಮೂರ್ನೇ ಸಲ ಬಂದಾಗ ಅಳ್ತಾರೆ" ಅಂದ್ಲು. ಆ ನಗೂನ ಅಳೆಯೋಕಾಗುತ್ತಾ ನೋಡೋಣ ಅಂತ ಶುರುವಾಗಿದ್ದು ಇದು.

ಅಕ್ಕನ ರೂಮಲ್ಲಿ ಕ್ಯಾಮೆರಾ ಇಟ್ಟು, ಓಪನ್‌ಫೇಸ್ ಅನ್ನೋ, ವೀಡಿಯೋ ನೋಡಿ ಮುಖದ ಚಲನೆ ಗುರುತಿಸೋ ಸಾಫ್ಟ್‌ವೇರ್ ಹಾಕ್ಕೊಂಡೆ. ಎಕ್ಮನ್, ಫ್ರೀಸನ್ ಅನ್ನೋ ಮನಶ್ಶಾಸ್ತ್ರಜ್ಞರು 1978ರಲ್ಲಿ ಮುಖದ ಒಂದೊಂದು ಚಲನೆಗೂ ನಂಬರ್ ಕೊಟ್ಟಿದಾರಲ್ಲ, ಅವುಗಳಲ್ಲಿ ಕೆಲವನ್ನ ಇದು ಫ್ರೇಮ್ ಫ್ರೇಮಿಗೂ 0ಯಿಂದ 5ರ ಒಳಗೆ ಅಳೆದು ಕೊಡುತ್ತೆ. 4 ಅಂದ್ರೆ ಹುಬ್ಬು ಗಂಟಿಕ್ಕೋದು, 12 ತುಟಿ ತುದಿ ಮೇಲೇಳೋದು, 6 ಕೆನ್ನೆ ಎದ್ದು ಕಣ್ಣು ಸಣ್ಣಗಾಗೋದು. ಬರೀ 12 ಬಂದ್ರೆ ಬಾಯಿ ಮಾತಿನ ನಗು ಇರಬಹುದು, 6 ಜೊತೆಗೆ ಬಂದ್ರೆ ಮನಸಾರೆ ನಕ್ಕಿರೋ ಸಾಧ್ಯತೆ ಜಾಸ್ತಿ.

ಮೊದ್ಲು ಡಿಪ್ರೆಶನ್ ಗುರುತಿಸೋಕೆ ಅಂತ ಡಾಯಿಕ್-ವೋಜ್ ಅನ್ನೋ ಸಂಶೋಧನಾ ಡೇಟಾ ಮೇಲೆ ಮಾಡೆಲ್ ಟ್ರೈನ್ ಮಾಡ್ದೆ, ಅದರಲ್ಲಿ 189 ಸಂದರ್ಶನ, ಎಲ್ಲಾ ಇಂಗ್ಲಿಷ್ ಮಾತಾಡೋ ಅಮೆರಿಕದೋರು. ಅದನ್ನ ಹಾಗೇ ತಂದು ಇಲ್ಲಿ ಓಡಿಸಿದ್ರೆ ಸಕಲೇಶಪುರ ಕಡೆ ತೋಟದಲ್ಲಿ ದುಡಿಯೋ ಯಜಮಾನ್ರೊಬ್ರನ್ನ ಡಿಪ್ರೆಶನ್ ಅಂತ ತೋರಿಸ್ತು, ಪಾಪ ಅವರಿಗೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮಾಡಿ ಹುಬ್ಬಿನ ಮಧ್ಯೆ ಗೆರೆ ಬಿದ್ದಿತ್ತು ಅಷ್ಟೆ! ಆಮೇಲೆ ಒಬ್ಬರನ್ನ ಇನ್ನೊಬ್ಬರ ಜೊತೆ ಹೋಲಿಸೋದೇ ಬಿಟ್ಟೆ. ಅವರವರದ್ದೇ ಹೋದ ವಾರದ ಮುಖ, ಈ ವಾರದ ಮುಖ, ಅಷ್ಟೇ.

ಎರಡನೇ ತಪ್ಪು ಸರಾಸರಿ ತೆಗೆದಿದ್ದು. ಐದು ನಿಮಿಷಕ್ಕೆ 9000 ಫ್ರೇಮು, ಎಲ್ಲಾ ಸೇರಿಸಿ ಭಾಗಿಸಿದ್ರೆ ಏನೂ ಉಳಿಯಲ್ಲ. ಮುಖ ಎಷ್ಟು ಸಲ ಬದಲಾಯ್ತು, ನಗು ಬಂದು ಎಷ್ಟು ಹೊತ್ತು ನಿಲ್ತು, ತಲೆ ಎಷ್ಟು ಅಲ್ಲಾಡ್ತು ಅಂತ ಎಣಿಸೋಕೆ ಶುರು ಮಾಡಿದ್ಮೇಲೆ ಅಕ್ಕ "ಹಾಂ, ಇದು ನಾನು ನೋಡೋ ತರಾನೇ ಇದೆ" ಅಂದ್ಲು. ಮಾತಾಡುವಾಗ ತುಟಿ ಹೇಗೂ ಆಡುತ್ತಲ್ಲ, ಅದಕ್ಕೆ ಕೇಳಿಸ್ಕೊಳ್ಳೋ ಹೊತ್ತಿನ ಫ್ರೇಮ್ ಬೇರೆ ಮಾಡ್ದೆ. ಕಿಟಕಿಗೆ ಬೆನ್ನು ಮಾಡಿ ಕೂತ್ರೆ ಮುಖ ಕಪ್ಪಾಗುತ್ತೆ ಅಂತ ಕುರ್ಚಿ ತಿರುಗಿಸಿದ್ದೂ ಕೋಡಿನಷ್ಟೇ ಕೆಲಸ ಮಾಡ್ತು ಅನ್ನಿ.

ವೀಡಿಯೋ ಲ್ಯಾಪ್‌ಟಾಪ್ ಬಿಟ್ಟು ಆಚೆ ಹೋಗಲ್ಲ, ಒಪ್ಪಿಗೆ ಬರಹದಲ್ಲಿ ತಗೋತೀವಿ, ಅಂಕಿ ತೆಗೆದ ತಕ್ಷಣ ಡಿಲೀಟ್.

ಒಂದ್ಸಲ ಒಬ್ಬ ಹುಡುಗ ಬಂದ. ಗ್ರಾಫ್ ಫಸ್ಟ್ ಕ್ಲಾಸ್, 6, 12 ಎರಡೂ ಇದೆ, ನನ್ನ ಸ್ಕ್ರೀನ್ ಪೂರ್ತಿ ಹಸಿರು (ಚೆನ್ನಾಗಿದ್ರೆ ಹಸಿರು, ಇಲ್ಲಾಂದ್ರೆ ಕೆಂಪು ತೋರಿಸೋ ಹಾಗೆ ಮಾಡಿದ್ದೆ). ಅಕ್ಕ ಎಂದಿನ ಹಾಗೆ ಪಿಎಚ್‌ಕ್ಯೂ-9 ಅನ್ನೋ, ಡಿಪ್ರೆಶನ್ ಅಳೆಯೋ ಒಂಬತ್ತು ಪ್ರಶ್ನೆ ಕೇಳ್ತಾ ಹೋದ್ಲು, ಒಂಬತ್ತನೇ ಪ್ರಶ್ನೆ ಇದೆಯಲ್ಲ, ಸಾಯೋ ಯೋಚನೆ ಬರುತ್ತಾ ಅನ್ನೋದು, ಅದಕ್ಕೆ ಅವನು "ಹೆಚ್ಚುಕಮ್ಮಿ ದಿನಾ" ಅಂದ, ನಗ್ತಾನೇ. ಅವತ್ತೇ ಮನೆಯವರನ್ನ ಕರೆಸಿ ಸೈಕಿಯಾಟ್ರಿಸ್ಟ್ ಹತ್ರ ಕಳಿಸಿದ್ಲು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರೂ ಬರ್ಕೊಟ್ಲು.

ಅವತ್ತು ರಾತ್ರಿನೇ ಹಸಿರು ಕೆಂಪು ಎರಡೂ ತೆಗೆದು ಹಾಕ್ದೆ. ಈಗ ಬರೀ ಗ್ರಾಫಿನ ಗೆರೆ ತೋರಿಸುತ್ತೆ, ಅದೂ ಅಕ್ಕ ಮಾತಾಡಿ ಮುಗಿಸಿದ ಮೇಲೆ.