ಗ್ರೋ ರೂಮಿಗೆ ಕಾರ್ಬನ್ ಡೈಆಕ್ಸೈಡ್ ಬಿಡೋರಿಗೆ
ಬೆಳಗಾವಿ ಕಡೆ ಒಳಕೋಣೆಯಾಗ ಲೆಟ್ಯೂಸ್, ಡೊಣ್ಣ ಮೆಣಸಿನಕಾಯಿ ಬೆಳೆಯೋರು, ಗಿಡ ಚಲೋ ಬೆಳೀಲಿ ಅಂತ ಈ ಗ್ಯಾಸ್ ಬಿಡೂ ಮೊದಲು ಸಂದು-ಗೊಂದಿ ಮುಚ್ಚ್ರಿ. ಎಕ್ಸಾಸ್ಟ್ ಫ್ಯಾನ್ ತಿರುಗ್ತಿದ್ರ ಬಿಟ್ಟ ಗ್ಯಾಸೆಲ್ಲಾ ಹೊರಗ. ಹೊರಗಿನ ಗಾಳಿಯಾಗ ಇದು ಸುಮಾರು 420 ಪಿಪಿಎಂ (ಹತ್ತು ಲಕ್ಷ ಪಾಲಿನಾಗ 420 ಪಾಲು) ಇರ್ತದ, 1000ಕ್ಕ ಏರಿಸಿದ್ರ ಸಾಕು. 10×10 ಅಡಿ, 8 ಅಡಿ ಎತ್ತರದ ಕೋಣೆಗೆ ಒಂದು ಸಲಕ್ಕ ಹತ್ತೂದು ಬರೀ 25 ಗ್ರಾಂ! ಹಂಗಾಗಿ ಸಿಲಿಂಡರಿನ ವಾಲ್ವ್ ಕೈಯಿಂದ ತಿರುಗಿಸಬ್ಯಾಡ್ರಿ. ಒತ್ತಡ ಇಳಿಸೋ ರೆಗ್ಯುಲೇಟರ್, ಕರೆಂಟಿನಿಂದ ತೆರೆದು ಮುಚ್ಚೋ ಸೊಲೆನಾಯ್ಡ್ ವಾಲ್ವ್, ಗ್ಯಾಸ್ ಅಳದು ವಾಲ್ವ್ ನಡೆಸೋ ಸೆನ್ಸರ್ ಕಂಟ್ರೋಲರ್ ಮೂರೂ ಬೇಕು.

ಗ್ಯಾಸ್ ಗಾಳಿಗಿಂತ ಭಾರ. ಪೈಪ್ ಗಿಡದ ಮ್ಯಾಲೆ ಕಟ್ಟಿ, ಒಳಗ ಸಣ್ಣ ಫ್ಯಾನ್ ಓಡಸ್ರಿ. ಸೆನ್ಸರ್ ಎಲಿ ಮಟ್ಟಕ್ಕಿರಲಿ. ಲೈಟ್ ಆರಿದಾಗ ವಾಲ್ವ್ ಬಂದ್. ಬೆಳಕು ಕಮ್ಮಿ ಇದ್ರೂ ಇದು ದಂಡ.

ಬೆಲ್ಲ-ಈಸ್ಟ್ ಹುಳಿಸಿ ಈ ಗ್ಯಾಸ್ ತಗಿಯೋ ಬಾಟ್ಲಿ ಅಗ್ಗ ಖರೆ, ಆದ್ರ ಅಳತಿ ಸಿಗೂದಿಲ್ಲ.

ವಾಸನೆ ಇಲ್ಲದ ಗ್ಯಾಸ್ರೀ ಇದು, ಹೆಚ್ಚಾದ್ರ ಉಸಿರಿಗೆ ಅಪಾಯ: 5000 ಪಿಪಿಎಂಗೆ ಕೂಗೋ ಅಲಾರ್ಮ್ ಬಾಗಿಲ ಹೊರಗೂ ಕೇಳಬೇಕು.