ರಾಕ್ ಆಲ್ಬಮ್ ಕವರ್ ಶೈಲಿಯ ಪ್ರಿಂಟ್‌ಗೆ ಕೈಕೆಲಸ

ಎಲ್‌ಪಿ (ಹಳೆಯ ಗ್ರಾಮಫೋನ್ ತಟ್ಟೆ) ಕವರ್‌ನಂತೆ 12 ಇಂಚು ಚೌಕದ ಸ್ವಂತ ಚಿತ್ರವನ್ನು 300 ಜಿಎಸ್‌ಎಂ (ಚದರ ಮೀಟರ್‌ಗೆ 300 ಗ್ರಾಂ ತೂಕದ) ಕಾಟನ್ ಕಾಗದದ ಮೇಲೆ ಪಿಗ್ಮೆಂಟ್ ಇಂಕ್‌ನಲ್ಲೇ (ನೀರಲ್ಲಿ ಕರಗದ ಬಣ್ಣದ ಕಣಗಳ ಶಾಯಿ) ಮುದ್ರಿಸಿ. ಡೈ ಇಂಕ್ (ನೀರಲ್ಲಿ ಕರಗುವ ಬಣ್ಣದ ಶಾಯಿ) ಆದರೆ ಒದ್ದೆ ಕುಂಚ ತಾಗಿದ ಕೂಡಲೇ ಹರಡುತ್ತದೆ. ಒಂದು ದಿನ ಒಣಗಿಸಿ, 30 ಸೆಂ.ಮೀ. ದೂರದಿಂದ ಸ್ಪ್ರೇ ವಾರ್ನಿಷ್ 2 ತೆಳು ಪದರ ಕೊಡಿ.

ಕೈ ಪಳಗಬೇಕಾದದ್ದು ಚಿನ್ನದ ಹಾಳೆಯಲ್ಲಿ. ಮಿಂಚು, ಗಿಟಾರ್ ತಂತಿ, ಅಕ್ಷರದ ಅಂಚು ಇಂಥ ಕಡೆ ಮಾತ್ರ ನೀರಿನ ಬೇಸ್‌ನ ಅಂಟು ತೆಳುವಾಗಿ ಹಚ್ಚಿ. ಹಾಲುಬಿಳುಪು ಹೋಗಿ ತಿಳಿಯಾಗುವವರೆಗೆ, ಅಂದಾಜು 15–20 ನಿಮಿಷ, ಕಾಯಿರಿ. ಅವಸರಪಟ್ಟರೆ ಹಾಳೆ ಜಾರಿ ಸುಕ್ಕಾಗುತ್ತದೆ. ಆಮೇಲೆ ಹಾಳೆಯನ್ನು ಅಂಟಿನ ಮೇಲಿಟ್ಟು ಮೆಲ್ಲಗೆ ಒತ್ತಿ. ಉಳಿದ ಚೂರನ್ನು ಮೆತ್ತನೆಯ ಕುಂಚದಿಂದ ಗುಡಿಸಿ. ಹಿತ್ತಾಳೆಯ ನಕಲಿ ಹಾಳೆ ಕಾಲಕ್ರಮೇಣ ಕಪ್ಪಾಗುತ್ತದೆ. ಅದಕ್ಕೆ ವಾರ್ನಿಷ್ ಬೇಕೇ ಬೇಕು.

ಚಿತ್ರದ ಭಾಗ ಉಬ್ಬಿ ಕಾಣಲು ಹೆವಿ ಜೆಲ್ (ದಪ್ಪನೆಯ ಅಕ್ರಿಲಿಕ್ ಪೇಸ್ಟ್), 2 ಮಿ.ಮೀ. ದಪ್ಪ ಸಾಕು. ಫ್ರೇಮ್‌ನ ಗಾಜು ತಾಗಿದರೆ ಅಕ್ರಿಲಿಕ್ ಅಂಟಿಕೊಳ್ಳುತ್ತದೆ, ನಡುವೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟಿನ ಚೌಕಟ್ಟು) ಇರಲಿ.